ಆರು ಸಾಟಾ, ಒಂದು ಎಂಟು ಪಿನ್: ಸ್ಟುಡಿಯೋ ಕಂಪ್ಯೂಟರಿಗೆ ಎಸ್‌ಎಂಪಿಎಸ್ ಹುಡುಕಿದ ಪ್ರಕರಣ

2024ರ ಫೆಬ್ರವರಿ. ಮದುವೆ ಸೀಸನ್. ಹಾಸನದಲ್ಲಿ ಫೋಟೊ ಸ್ಟುಡಿಯೋ ಇಟ್ಟುಕೊಂಡಿರುವ ನಮ್ಮ ಭಾವ ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿದರು. "ರೆಂಡರ್‌ಗೆ ಹಾಕಿದ್ರೆ ಹತ್ತು ನಿಮಿಷಕ್ಕೆ ಸಿಸ್ಟಮ್ ತಾನೇ ಆಫ್ ಆಗಿ ಆನ್ ಆಗ್ತದೆ ಕಣಯ್ಯ. ಮೂರು ಮದುವೆ ವಿಡಿಯೋ ಬಾಕಿ ಇದೆ."

ಫೋಟೊ ನೋಡುವಾಗ, ಆಲ್ಬಮ್ ಪುಟ ಜೋಡಿಸುವಾಗ ಏನೂ ತೊಂದರೆ ಇಲ್ಲ. ವಿಡಿಯೋ ರೆಂಡರ್, ಅಂದರೆ ಎಡಿಟ್ ಆದ ತುಣುಕುಗಳನ್ನು ಪೂರ್ತಿ ವಿಡಿಯೋ ಆಗಿ ಕಟ್ಟುವ ಕೆಲಸ, ಶುರುವಾದರೆ ಮಾತ್ರ ಢಮಾರ್. ನೀಲಿ ಪರದೆ ಇಲ್ಲ, ಎರರ್ ಇಲ್ಲ. ಒಮ್ಮೆಲೇ ಕತ್ತಲೆ, ಮತ್ತೆ ಸ್ಟಾರ್ಟ್. "ಏನಾದ್ರೂ ಹೊಸದಾಗಿ ಹಾಕಿಸಿದ್ರಾ ಭಾವ?" ಅಂದೆ. ಹದಿನೈದು ದಿನದ ಹಿಂದೆ ಗ್ರಾಫಿಕ್ಸ್ ಕಾರ್ಡ್ ಬದಲಾಯಿಸಿದ್ದಾರೆ. ಹಳೆಯ ಜಿಟಿಎಕ್ಸ್ 1650 ತೆಗೆದು ಆರ್‌ಟಿಎಕ್ಸ್ 3060, 12 ಜಿಬಿಯದ್ದು. "ಎಸ್‌ಎಂಪಿಎಸ್?" "ಅದು ಹಳೇದೇ. 450 ವ್ಯಾಟ್ ಇದೆಯಲ್ಲ, ಸಾಕು ಅಂದ್ರು." (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಸಣ್ಣ ವೋಲ್ಟೇಜಿಗೆ ಇಳಿಸಿ ಹಂಚುವ ಡಬ್ಬವೇ ಈ ಎಸ್‌ಎಂಪಿಎಸ್.)

ಶನಿವಾರ ಬೆಳಗ್ಗೆ ಬಸ್ ಹತ್ತಿದೆ.

ಕ್ಯಾಬಿನೆಟ್ ಬಿಚ್ಚಿದಾಗ

ಈ ಕಂಪ್ಯೂಟರಿನ ಹಿನ್ನೆಲೆ ಸ್ವಲ್ಪ ಹೇಳಬೇಕು. 2015ರಲ್ಲಿ ಜೋಡಿಸಿದ್ದು. 2022ರಲ್ಲಿ ಮದರ್‌ಬೋರ್ಡ್, ರ‍್ಯಾಮ್, ಪ್ರೊಸೆಸರ್ ಮೂರೂ ಬದಲಾಗಿ ಇಂಟೆಲ್ ಐ7-12700 ಬಂತು. ಕ್ಯಾಬಿನೆಟ್ ಮತ್ತು ಎಸ್‌ಎಂಪಿಎಸ್ ಹಾಗೇ ಉಳಿದವು. ನಮ್ಮಲ್ಲಿ ಇದು ಮಾಮೂಲಿ. ಎಸ್‌ಎಂಪಿಎಸ್ ಅಂದರೆ ಕ್ಯಾಬಿನೆಟ್ ಜೊತೆ ಬರುವ ಒಂದು ಡಬ್ಬ, ಸುಟ್ಟುಹೋಗುವ ತನಕ ಅದರ ಕಡೆ ಯಾರೂ ನೋಡುವುದಿಲ್ಲ.

ಪಕ್ಕದ ಮುಚ್ಚಳ ತೆಗೆದೆ. ಒಳಗೆ ನಾಲ್ಕು ಹಾರ್ಡ್ ಡಿಸ್ಕ್, ಒಂದು ಎಸ್‌ಎಸ್‌ಡಿ, ಒಂದು ಡಿವಿಡಿ ರೈಟರ್. (ಡಿವಿಡಿ ಈಗ ಯಾರಿಗೆ ಬೇಕು ಅಂತ ಕೇಳಬೇಡಿ. ಮದುಮಗನಿಗೆ ಪೆನ್ ಡ್ರೈವ್ ಸಾಕು, ಅಜ್ಜಿಗೆ ಡಿವಿಡಿಯೇ ಆಗಬೇಕು.) ಇವು ಆರಕ್ಕೂ ಸಾಟಾ ಪವರ್, ಅಂದರೆ ಡಿಸ್ಕುಗಳಿಗೆ ಕರೆಂಟ್ ಕೊಡುವ ಚಪ್ಪಟೆ ಕನೆಕ್ಟರ್, ಬೇಕು. ಜೊತೆಗೆ ಐದು ಫ್ಯಾನ್‌ಗಳಿಗೆ ಕರೆಂಟ್ ಹಂಚುವ ಸಣ್ಣ ಹಬ್ ಒಂದಿದೆ. ಅದಕ್ಕೆ ಹಳೆ ಕಾಲದ ನಾಲ್ಕು ಪಿನ್ನಿನ ಮೋಲೆಕ್ಸ್ ಬೇಕು.

ಆ ಎಸ್‌ಎಂಪಿಎಸ್‌ನಲ್ಲಿ ಹುಟ್ಟಾ ಇದ್ದದ್ದು ಎರಡೇ ಎರಡು ಸಾಟಾ. ಮೋಲೆಕ್ಸ್ ನಾಲ್ಕು. ಗ್ರಾಫಿಕ್ಸ್ ಕಾರ್ಡಿಗೆ ಅಂತ ಒಂದೂ ಇಲ್ಲ. ಹಾಗಾದರೆ ಆರು ಸಾಧನ, ಒಂದು ಹಬ್, ಒಂದು ಎಂಟು ಪಿನ್ನಿನ ಕಾರ್ಡ್ ಹೇಗೆ ನಡೆಯುತ್ತಿದ್ದವು? ಕನ್ವರ್ಟರ್ ಕೇಬಲ್‌ಗಳಿಂದ. ಎರಡು ಮೋಲೆಕ್ಸ್ ಸೇರಿಸಿ ಒಂದು ಎಂಟು ಪಿನ್ ಮಾಡಿ ಕಾರ್ಡಿಗೆ ಕೊಟ್ಟಿದ್ದರು. ಉಳಿದ ಎರಡು ಮೋಲೆಕ್ಸ್ ಕವಲೊಡೆದು ನಾಲ್ಕು ಸಾಟಾ ಆಗಿದ್ದವು. ಮಧ್ಯೆ ಇನ್ನೊಂದು ಕವಲು ಫ್ಯಾನ್ ಹಬ್‌ಗೆ. ಜಾತ್ರೆಯಲ್ಲಿ ಒಂದೇ ಪ್ಲಗ್‌ನಿಂದ ಹತ್ತು ಅಂಗಡಿಗೆ ವೈರ್ ಎಳೆದಿರುತ್ತಾರಲ್ಲ, ಹಾಗೆ.

ಒಂದು ಸಾಟಾ ಕನ್ವರ್ಟರಿನ ಬಿಳಿ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು. ಮೂಗಿನ ಹತ್ತಿರ ಹಿಡಿದರೆ ಸುಟ್ಟ ವಾಸನೆ. ಭಾವನಿಗೂ ಮೂಸಿಸಿದೆ. ಅವರು ಮಾತಾಡಲಿಲ್ಲ.

ಅಗ್ಗದ ಮೋಲೆಕ್ಸ್–ಸಾಟಾ ಕನ್ವರ್ಟರುಗಳಲ್ಲಿ ಎರಡು ಜಾತಿ. ಒಂದರಲ್ಲಿ ವೈರುಗಳನ್ನು ಅಚ್ಚಿನಲ್ಲಿಟ್ಟು ಮೇಲೆ ಪ್ಲಾಸ್ಟಿಕ್ ಸುರಿದಿರುತ್ತಾರೆ. ಇನ್ನೊಂದರಲ್ಲಿ ಒಂದೊಂದು ವೈರನ್ನೂ ಬೇರೆಬೇರೆಯಾಗಿ ಕ್ರಿಂಪ್ ಮಾಡಿ ಕೂರಿಸಿರುತ್ತಾರೆ. ಸುರಿದ ಜಾತಿಯಲ್ಲಿ 12 ವೋಲ್ಟಿನ ಲೋಹಕ್ಕೂ ನೆಲದ (ಗ್ರೌಂಡ್, ಕರೆಂಟ್ ವಾಪಸಾಗುವ ದಾರಿ) ಲೋಹಕ್ಕೂ ನಡುವೆ ಎಷ್ಟು ಪ್ಲಾಸ್ಟಿಕ್ ಇದೆ ಅಂತ ದೇವರಿಗೇ ಗೊತ್ತು. ಬೆಂಕಿ ಹತ್ತಿರುವುದು ಹೆಚ್ಚಾಗಿ ಇಂಥವಕ್ಕೇ. ಇಲ್ಲಿದ್ದದ್ದೂ ಇದೇ.

450 ಅನ್ನೋ ನಂಬರು

ಡಬ್ಬದ ಪಕ್ಕದ ಸ್ಟಿಕ್ಕರ್ ಓದಿದೆ. ದೊಡ್ಡ ಅಕ್ಷರದಲ್ಲಿ 450 ವ್ಯಾಟ್. ಕೆಳಗೆ ಸಣ್ಣ ಅಕ್ಷರದ ಟೇಬಲ್‌ನಲ್ಲಿ 12 ವೋಲ್ಟ್ ಸಾಲಿಗೆ 20 ಆಂಪಿಯರ್. ಗುಣಿಸಿದರೆ 240 ವ್ಯಾಟ್. ಉಳಿದದ್ದೆಲ್ಲ 5 ವೋಲ್ಟ್ ಮತ್ತು 3.3 ವೋಲ್ಟ್ ಸಾಲುಗಳ ಲೆಕ್ಕ. ಈಗಿನ ಕಂಪ್ಯೂಟರಿನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕುಡಿಯುವುದು 12 ವೋಲ್ಟಿನಿಂದ. ಐ7-12700 ಜೋರಾಗಿ ಓಡುವಾಗ 180 ವ್ಯಾಟ್‌ವರೆಗೆ ಎಳೆಯಬಹುದು. ಆರ್‌ಟಿಎಕ್ಸ್ 3060ಕ್ಕೆ 170. ಎರಡೂ ಒಟ್ಟಿಗೆ ಬಾಯಿ ತೆರೆದರೆ 350. ಹಳೆಯ 1650 ಬಚಾವಾಗಿದ್ದು ಯಾಕೆ ಅಂದರೆ ಅದಕ್ಕೆ ಬೇಕಿದ್ದದ್ದು 75 ವ್ಯಾಟ್, ಅಷ್ಟನ್ನೂ ಮದರ್‌ಬೋರ್ಡಿನ ಸ್ಲಾಟೇ ಕೊಡುತ್ತಿತ್ತು.

ಖಾತ್ರಿಗೆ ಒಂದು ಪರೀಕ್ಷೆ ಮಾಡಿದೆ. ಕವಲಿನಲ್ಲಿ ಖಾಲಿ ಉಳಿದಿದ್ದ ಮೋಲೆಕ್ಸ್ ತುದಿಯ ಹಳದಿ (12 ವೋಲ್ಟ್) ಮತ್ತು ಕಪ್ಪು (ನೆಲ) ವೈರಿಗೆ ಮಲ್ಟಿಮೀಟರ್ ಚುಚ್ಚಿ ರೆಂಡರ್ ಶುರು ಮಾಡಿಸಿದೆ. ಸುಮ್ಮನಿದ್ದಾಗ 11.9. ರೆಂಡರ್ ಶುರುವಾಗಿ ಒಂದೆರಡು ನಿಮಿಷಕ್ಕೆ 11.2. ಎಸ್‌ಎಂಪಿಎಸ್‌ಗಳ ಅಳತೆ, ವೋಲ್ಟೇಜ್ ನಿಗದಿ ಮಾಡುವ ಎಟಿಎಕ್ಸ್ ನಿಯಮ ಆ ಕಾಲದ ಎಸ್‌ಎಂಪಿಎಸ್‌ಗೆ ಕೊಟ್ಟ ರಿಯಾಯಿತಿ ಶೇಕಡ 5, ಅಂದರೆ 11.4ಕ್ಕಿಂತ ಕೆಳಗೆ ಹೋಗಬಾರದು. ಎಂಟನೇ ನಿಮಿಷಕ್ಕೆ ಕತ್ತಲೆ.

ಇಷ್ಟಾದರೆ "ವ್ಯಾಟ್ ಸಾಲಲಿಲ್ಲ, ದೊಡ್ಡದು ತನ್ನಿ" ಅಂತ ಮುಗಿಸಬಹುದಿತ್ತು. ಭಾವನೂ ಅದನ್ನೇ ಅಂದರು. "ಇಲ್ಲೇ ಪಕ್ಕದ ಅಂಗಡೀಲಿ 600 ವ್ಯಾಟ್‌ದು ಸಿಗುತ್ತೆ, ತರಿಸಲಾ?" ನಾನು ಬೇಡ ಅಂದೆ. ಆ ಎಂಟು ಪಿನ್ ಕನ್ವರ್ಟರ್ ಅವರಿಗೆ ತೋರಿಸಿದೆ.

ಕಾರ್ಡಿಗೆ ಬೇಕಾದ 170ರಲ್ಲಿ ಸ್ಲಾಟಿನ 12 ವೋಲ್ಟ್ ಪಿನ್‌ಗಳು ಹೆಚ್ಚೆಂದರೆ 66 ವ್ಯಾಟ್ ಕೊಡುತ್ತವೆ. ಉಳಿದ ನೂರು ಚಿಲ್ಲರೆ ಎಂಟು ಪಿನ್ನಿನಿಂದ ಬರಬೇಕು. ಅಂದರೆ ಸುಮಾರು 9 ಆಂಪಿಯರ್. ಸರಿಯಾದ ಎಂಟು ಪಿನ್ ಕೇಬಲಿನಲ್ಲಿ ಮೂರು 12 ವೋಲ್ಟ್ ವೈರ್ ಇರುತ್ತವೆ, ತಲಾ ಮೂರೇ ಆಂಪಿಯರ್. ಇಲ್ಲಿ? ಕನ್ವರ್ಟರಿಗೆ ಎರಡು ಮೋಲೆಕ್ಸ್ ಹಾಕಿದ್ದರು ನಿಜ. ಆದರೆ ಎರಡೂ ಒಂದೇ ಸರದಲ್ಲಿ ಪೋಣಿಸಿದವು. ಡಬ್ಬದಿಂದ ಹೊರಬರುತ್ತಿದ್ದ ಹಳದಿ ವೈರ್ ಒಂದೇ ಒಂದು. ಅದೂ 20 ಗೇಜ್. ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ 18 ಗೇಜ್ ಇರುತ್ತದೆ. ಗೇಜ್ ನಂಬರ್ ಜಾಸ್ತಿ ಆದಷ್ಟೂ ವೈರ್ ಸಣ್ಣ. ಮೂವರು ಹೊರಬೇಕಾದ ಮೂಟೆ ಒಬ್ಬ ಬಡಕಲು ಹುಡುಗನ ತಲೆ ಮೇಲೆ.

ಪಕ್ಕದ ಅಂಗಡಿಯ 600 ವ್ಯಾಟ್ ತಂದು ಇದೇ ಕನ್ವರ್ಟರುಗಳನ್ನು ಸಿಕ್ಕಿಸಿದ್ದರೆ ಆಫ್ ಆಗುವುದು ನಿಲ್ಲುತ್ತಿತ್ತು. ಆಗ ವೈರ್ ಕಾಯುವುದು ಮಾತ್ರ ಮುಂದುವರಿಯುತ್ತಿತ್ತು. ಈಗ ಕೈಕೊಡುತ್ತಿದ್ದ ಹಳೆ ಡಬ್ಬವೇ ಒಂದು ಲೆಕ್ಕದಲ್ಲಿ ಸ್ಟುಡಿಯೋ ಉಳಿಸಿತ್ತು ಅನ್ನಬೇಕು.

ಅಕ್ಕನ ಹೊಲಿಗೆ ಟೇಪು

ಮಧ್ಯಾಹ್ನ ಊಟ ಮುಗಿಸಿ ಅಕ್ಕನ ಹೊಲಿಗೆ ಮಷೀನಿನಿಂದ ಟೇಪ್ ತಂದು ಕೂತೆ. ಎಷ್ಟು ಕನೆಕ್ಟರ್ ಬೇಕು ಅನ್ನುವುದರ ಜೊತೆಗೆ ಅವು ಎಲ್ಲಿ ಬೇಕು ಅನ್ನುವುದನ್ನೂ ಬರೆದುಕೊಂಡೆ. ಬಾಕ್ಸ್ ಮೇಲೆ ಬರೆಯದೇ ಇರುವುದು ಇದೇ.

ಮದರ್‌ಬೋರ್ಡಿಗೆ 24 ಪಿನ್, ಇದು ಎಲ್ಲದರಲ್ಲೂ ಬರುತ್ತದೆ. ಪ್ರೊಸೆಸರಿಗೆ ಎಂಟು ಪಿನ್. ಇಲ್ಲಿ ಹಳೆಯ ನಾಲ್ಕು ಪಿನ್ ಕೇಬಲನ್ನು ಎಂಟು ಪಿನ್ ಜಾಗದ ಅರ್ಧಕ್ಕೆ ಸಿಕ್ಕಿಸಿದ್ದರು. ಹಾಗೆ ಹಾಕಿದರೂ ಕಂಪ್ಯೂಟರ್ ಆನ್ ಆಗುತ್ತದೆ, ಅದಕ್ಕೇ ಯಾರೂ ಗಮನಿಸಿರಲಿಲ್ಲ. ಆದರೆ 180 ವ್ಯಾಟ್ ಎರಡೇ ಹಳದಿ ವೈರಿನಲ್ಲಿ ಹೋಗುತ್ತಿತ್ತು. ಕ್ಯಾಬಿನೆಟ್ ದೊಡ್ಡದು, ಎಸ್‌ಎಂಪಿಎಸ್ ತಳದಲ್ಲಿ ಕೂರುತ್ತದೆ, ಪ್ರೊಸೆಸರಿನ ಸಾಕೆಟ್ ಮೇಲೆ ಎಡ ಮೂಲೆಯಲ್ಲಿ. ಬೋರ್ಡಿನ ಹಿಂದಿನಿಂದ ಸುತ್ತಿಸಿ ತಂದರೆ ಟೇಪಿನಲ್ಲಿ 58 ಸೆಂಟಿಮೀಟರ್. ಹಳೆ ಕೇಬಲ್ ಅಷ್ಟು ಉದ್ದವಿಲ್ಲದೆ ಗ್ರಾಫಿಕ್ಸ್ ಕಾರ್ಡಿನ ಮೇಲಿಂದ ಹಗ್ಗದ ಥರ ಬಿಗಿದು ನಿಂತಿತ್ತು.

ನಾಲ್ಕು ಹಾರ್ಡ್ ಡಿಸ್ಕ್ ಕೆಳಗೆ ಮುಂಭಾಗದಲ್ಲಿ ಒಂದರ ಮೇಲೊಂದು. ಎಸ್‌ಎಸ್‌ಡಿ ಬೋರ್ಡಿನ ಹಿಂಬದಿಯ ತಗಡಿಗೆ. ಡಿವಿಡಿ ತುತ್ತತುದಿಯಲ್ಲಿ. ಸಾಟಾ ಕೇಬಲಿನಲ್ಲಿ ಕನೆಕ್ಟರುಗಳು ಹೂಮಾಲೆಯಂತೆ ಸುಮಾರು 12ರಿಂದ 15 ಸೆಂಟಿಮೀಟರಿಗೆ ಒಂದರಂತೆ ಇರುತ್ತವೆ. ಕೆಳಗಿನ ಡಿಸ್ಕಿನಲ್ಲಿ ಒಂದನ್ನು ಸಿಕ್ಕಿಸಿದ ಮಾಲೆ ಮೇಲಿನ ಡಿವಿಡಿಯನ್ನು ಮುಟ್ಟುವುದಿಲ್ಲ. ಹಾಗಾಗಿ ಆರು ಕನೆಕ್ಟರ್ ಇದ್ದರೆ ಸಾಲದು, ಅವು ಕನಿಷ್ಠ ಎರಡು ಬೇರೆ ಸರದಲ್ಲಿರಬೇಕು. ಮೂರಿದ್ದರೆ ಇನ್ನೂ ಒಳ್ಳೆಯದು. ಯಾಕೆಂದರೆ 3.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವ ಆ ಕೆಲವು ಸೆಕೆಂಡು 12 ವೋಲ್ಟಿನಿಂದ 2 ಆಂಪಿಯರ್ ಹತ್ತಿರ ಎಳೆಯುತ್ತದೆ. ನಾಲ್ಕೂ ಒಟ್ಟಿಗೆ ಎದ್ದರೆ 8 ಆಂಪಿಯರ್. ಅದನ್ನು ಎರಡು ಸರಕ್ಕೆ ಹಂಚುವುದು ವಾಸಿ.

ವ್ಯಾಟ್ ಲೆಕ್ಕ ಕೊನೆಗೆ ಮಾಡಿದೆ. 350ಕ್ಕೆ ಡಿಸ್ಕ್, ಫ್ಯಾನ್, ಉಳಿದದ್ದು ಸೇರಿಸಿದರೆ 420ರ ಹತ್ತಿರ. ಕಾರ್ಡಿನ ಚಿಪ್ ಮಾಡುವ ಎನ್‌ವಿಡಿಯಾ ಈ ಕಾರ್ಡಿಗೆ ಹೇಳುವುದು 550 ವ್ಯಾಟಿನ ಎಸ್‌ಎಂಪಿಎಸ್. ವ್ಯಾಟ್ ಮಾತ್ರ ನೋಡುವವರಿಗೆ ಕಥೆ ಇಲ್ಲೇ ಮುಗಿಯಿತು, 550 ಸಾಕು.

ಎಸ್‌ಪಿ ರಸ್ತೆಯಲ್ಲಿ ಒಂದು ಮಧ್ಯಾಹ್ನ

ಸೋಮವಾರ ಬೆಂಗಳೂರಿಗೆ ಬಂದು, ಕಂಪ್ಯೂಟರ್ ಬಿಡಿಭಾಗಗಳ ಅಂಗಡಿ ಸಾಲಿರುವ ಎಸ್‌ಪಿ ರಸ್ತೆಗೆ ಹೋದೆ. ಅಲ್ಲಿ ಎಸ್‌ಎಂಪಿಎಸ್ ಕೇಳಿದರೆ ಮೊದಲ ಪ್ರಶ್ನೆ "ಎಷ್ಟು ವ್ಯಾಟ್ ಸರ್?" ನಾನು "ಆರು ಸಾಟಾ" ಅಂದರೆ ಹುಡುಗ ನನ್ನ ಮುಖ ನೋಡಿದ.

ಮೊದಲು ತೋರಿಸಿದ್ದು 550 ವ್ಯಾಟ್, 80 ಪ್ಲಸ್ ಬ್ರಾಂಜ್ (ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವುದರ ದರ್ಜೆ), ನಾಲ್ಕು ಸಾವಿರದ ಆಸುಪಾಸು. ಕೇಬಲ್ ಡಬ್ಬಕ್ಕೇ ಅಂಟಿಕೊಂಡಿರುವ ಮಾದರಿ. ಒಳ್ಳೆಯ ಮಾಲೇ. ಹಿಂಬದಿಯ ಪಟ್ಟಿ ನೋಡಿದರೆ ಸಾಟಾ ಐದು. ಒಂದು ಕಮ್ಮಿ. ಮತ್ತೆ ಕನ್ವರ್ಟರ್ ಹಾಕುವ ಹಾಗಿದ್ದರೆ ಇಷ್ಟು ದೂರ ಯಾಕೆ ಬರಬೇಕಿತ್ತು? ಅದರ ಪ್ರೊಸೆಸರ್ ಕೇಬಲೂ 55 ಸೆಂಟಿಮೀಟರ್. ಮೂರು ಸೆಂಟಿಮೀಟರ್ ಗಿಡ್ಡ.

ಎರಡನೆಯದು 750 ವ್ಯಾಟ್, ಎಟಿಎಕ್ಸ್ 3.0, ಹೊಸ 16 ಪಿನ್ ಕೇಬಲ್ ಇರುವಂಥದ್ದು. ಹುಡುಗ ಅದನ್ನೇ ತಳ್ಳಲು ನೋಡಿದ. "ಮುಂದಕ್ಕೂ ಆಗುತ್ತೆ ಸರ್." ಆ 16 ಪಿನ್ ಒಂದೇ ಕೇಬಲಿನಲ್ಲಿ 600 ವ್ಯಾಟ್‌ವರೆಗೆ ಹೊರುತ್ತದೆ. 2022ರ ಕೊನೆಯಲ್ಲಿ ಆರ್‌ಟಿಎಕ್ಸ್ 4090 ಕಾರ್ಡುಗಳಲ್ಲಿ ಇದೇ ಕರಗಿ ಸುದ್ದಿಯಾಗಿತ್ತು. ಕನೆಕ್ಟರ್ ಪೂರ್ತಿ ಒಳಗೆ ಕೂರದಿದ್ದದ್ದು ಒಂದು ದೊಡ್ಡ ಕಾರಣ. ಆಮೇಲೆ 2023ರಲ್ಲಿ ಅದರ ಸಣ್ಣ ಪಿನ್‌ಗಳನ್ನು ಗಿಡ್ಡ ಮಾಡಿ, ಸರಿಯಾಗಿ ಕೂರದಿದ್ದರೆ ಕಾರ್ಡ್ ಕರೆಂಟನ್ನೇ ಎಳೆಯದ ಹಾಗೆ ತಿದ್ದಿದರು. ಭಾವನ ಕಾರ್ಡಿಗೆ ಇದರ ಅಗತ್ಯವೇ ಇಲ್ಲ. ಅದಕ್ಕಿಂತ ಹೆಚ್ಚಾಗಿ ಈ 750ರಲ್ಲಿ ಸಾಟಾ ನಾಲ್ಕೇ ನಾಲ್ಕು! ಹೊಸ ಕಂಪ್ಯೂಟರಿನಲ್ಲಿ ಸ್ಟೋರೇಜ್ ಎಲ್ಲ ಬೋರ್ಡಿನ ಮೇಲೇ ಕೂರುತ್ತದೆ, ಹಾರ್ಡ್ ಡಿಸ್ಕ್ ಇಡುವವರು ಕಮ್ಮಿ, ಅದಕ್ಕೆ ಕೆಲವು ಕಂಪನಿಗಳು ಸಾಟಾ ಕಡಿಮೆ ಮಾಡಿವೆ. ಜಾಸ್ತಿ ದುಡ್ಡು, ಜಾಸ್ತಿ ವ್ಯಾಟ್, ಕಮ್ಮಿ ಕನೆಕ್ಟರ್.

ಮೂರನೆಯದು 650 ವ್ಯಾಟ್, ಗೋಲ್ಡ್ ದರ್ಜೆ, ಪೂರ್ತಿ ಮಾಡ್ಯುಲರ್ (ಕೇಬಲ್‌ಗಳನ್ನೆಲ್ಲ ಡಬ್ಬದಿಂದ ಬಿಚ್ಚಿ ಹಾಕಬಹುದಾದ್ದು), ಏಳು ಸಾವಿರ ಚಿಲ್ಲರೆ. ಬಾಕ್ಸ್ ತೆರೆಸಿ ಕೌಂಟರ್ ಮೇಲೆ ಕೇಬಲ್ ಹರವಿ ಎಣಿಸಿದೆ. ಸಾಟಾ ಎಂಟು, ಮೂರು ಸರದಲ್ಲಿ: ಮೂರು, ಮೂರು, ಎರಡು. ಮೋಲೆಕ್ಸ್ ಬೇರೆಯದೇ ಸರದಲ್ಲಿ. ಪ್ರೊಸೆಸರ್ ಕೇಬಲ್ 65 ಸೆಂಟಿಮೀಟರ್. ಗ್ರಾಫಿಕ್ಸ್‌ಗೆ ಎರಡು ಬೇರೆಬೇರೆ ಕೇಬಲ್. ಟೇಪ್ ಹಿಡಿದು ಅಳೆಯುತ್ತಿದ್ದರೆ ಹುಡುಗ ಪಕ್ಕದವನಿಗೆ ಏನೋ ಹೇಳಿ ನಕ್ಕ. ನಗಲಿ. ಇದನ್ನೇ ತಗೊಂಡೆ. ಹೆಚ್ಚಿನ 100 ವ್ಯಾಟ್ ನನಗೆ ಬೇಕಿರಲಿಲ್ಲ, ಆ ಮೂರು ಸರ ಬೇಕಿತ್ತು.

ಜೋಡಿಸುವಾಗ

ಮುಂದಿನ ಶನಿವಾರ ಮತ್ತೆ ಹಾಸನ. ಭಾವ ಪಕ್ಕದಲ್ಲಿ ಕೂತು ಒಂದೊಂದೇ ಕೇಬಲ್ ಕೊಡುತ್ತಿದ್ದರು. ಗ್ರಾಫಿಕ್ಸ್ ಕಾರ್ಡಿಗೆ ಅಂತ ಅವರು ಕೈಗಿಟ್ಟದ್ದು ಪ್ರೊಸೆಸರ್ ಕೇಬಲ್. ಅವರ ತಪ್ಪಲ್ಲ. ಎರಡೂ ಎಂಟು ಪಿನ್, ಎರಡೂ ಕಪ್ಪು. ಪ್ರೊಸೆಸರಿನದು ನಾಲ್ಕು ನಾಲ್ಕಾಗಿ ಬಿಡಿಸಿಕೊಳ್ಳುತ್ತದೆ, ಕಾರ್ಡಿನದು ಆರು ಮತ್ತು ಎರಡಾಗಿ. ಪ್ರೊಸೆಸರಿನದರಲ್ಲಿ ಕ್ಲಿಪ್ ಇರುವ ಬದಿಯ ನಾಲ್ಕೂ 12 ವೋಲ್ಟ್. ಕಾರ್ಡಿನದರಲ್ಲಿ 12 ವೋಲ್ಟ್ ಇರುವುದು ಕ್ಲಿಪ್ಪಿನ ಎದುರು ಬದಿಗೆ. ಅಂದರೆ ಒಂದನ್ನು ಇನ್ನೊಂದರ ಜಾಗಕ್ಕೆ ತುರುಕಿದರೆ 12 ವೋಲ್ಟ್ ನೇರವಾಗಿ ನೆಲಕ್ಕೆ ಶಾರ್ಟ್. ಹಾಗಾಗದಿರಲಿ ಅಂತ ಪಿನ್ನಿನ ಆಕಾರಗಳನ್ನು ಬೇರೆ ಮಾಡಿದ್ದಾರೆ. ಆದರೆ ಜೋರಾಗಿ ಒತ್ತುವ ಕೈಗೆ ಆಕಾರ ಯಾವ ಲೆಕ್ಕ. ಕೇಬಲ್ ಸಲೀಸಾಗಿ ಹೋಗದಿದ್ದರೆ ಕೈ ನಿಲ್ಲಿಸಿ, ಮೇಲೆ ಏನು ಬರೆದಿದೆ ಓದಿ.

ಹಾರ್ಡ್ ಡಿಸ್ಕ್ ಸಾಲಿಗೆ ಬಂದಾಗ ಭಾವ ತಮ್ಮ ಡ್ರಾಯರಿನಿಂದ ಇನ್ನೊಂದು ಸಾಟಾ ಕೇಬಲ್ ತೆಗೆದರು, ಯಾವುದೋ ಹಳೆ ಮಾಡ್ಯುಲರ್ ಎಸ್‌ಎಂಪಿಎಸ್‌ನದ್ದು. "ಇದು ಉದ್ದ ಇದೆ, ನೀಟಾಗಿ ಕೂರುತ್ತೆ." ನಾನು ಅದನ್ನು ಕಿತ್ತುಕೊಂಡು ಜೇಬಿಗಿಟ್ಟೆ. ಈ ಪಾಠಕ್ಕೆ ನಾನು ಫೀಸು ಕಟ್ಟಿದ್ದೇನೆ. ಕೆಲವು ವರ್ಷದ ಹಿಂದೆ ನನ್ನದೇ ಕಂಪ್ಯೂಟರಿನಲ್ಲಿ ಹೀಗೇ ಬೇರೆ ಎಸ್‌ಎಂಪಿಎಸ್‌ನ ಕೇಬಲ್ ಸಿಕ್ಕಿಸಿದೆ. ಸರಿಯಾಗಿ ಕೂತಿತು, ಕ್ಲಿಪ್ ಟಕ್ ಅಂತು. ಸ್ವಿಚ್ ಒತ್ತಿದ ತಕ್ಷಣ ಡಿಸ್ಕಿನಿಂದ ಸಣ್ಣ ಹೊಗೆ. ಡಿಸ್ಕಿನ ಕಡೆಯ ತುದಿಗೆ ನಿಯಮ ಇದೆ, ಎಸ್‌ಎಂಪಿಎಸ್ ಕಡೆಯ ತುದಿಗೆ ಇಲ್ಲ. ಪ್ರತಿ ಕಂಪನಿ ತನಗೆ ತೋಚಿದ ಹಾಗೆ ಪಿನ್ ಜೋಡಿಸುತ್ತದೆ. ಒಂದೇ ಕಂಪನಿಯ ಎರಡು ಮಾದರಿಯಲ್ಲೂ ಬೇರೆ ಇರಬಹುದು. ನನ್ನ ಡಿಸ್ಕಿಗೆ 5 ವೋಲ್ಟ್ ಬರಬೇಕಾದಲ್ಲಿ 12 ಬಂದಿತ್ತು. ಅದರಲ್ಲಿದ್ದದ್ದು ಮಗಳ ಮೊದಲ ವರ್ಷದ ಫೋಟೊಗಳು. ಪುಣ್ಯಕ್ಕೆ ಅಕ್ಕನ ಹತ್ತಿರ ಒಂದಷ್ಟು ಕಾಪಿ ಇದ್ದವು.

ಎಲ್ಲ ಸಿಕ್ಕಿಸಿದ್ದಾಯಿತು. ಒಂದು ಸರದಲ್ಲಿ ಎರಡು ಡಿಸ್ಕ್, ಇನ್ನೊಂದರಲ್ಲಿ ಎರಡು, ಮೂರನೆಯದು ಬೋರ್ಡಿನ ಹಿಂದಿನಿಂದ ಎಸ್‌ಎಸ್‌ಡಿ ಮುಟ್ಟಿ ಮೇಲೆ ಡಿವಿಡಿಗೆ. ಒಂದೂ ಕನ್ವರ್ಟರ್ ಇಲ್ಲ. ಸ್ವಿಚ್ ಒತ್ತಿದೆ. ವಿಂಡೋಸ್ ಬಂತು.

ಮೂರೇ ಡಿಸ್ಕ್ ಕಾಣುತ್ತಿವೆ.

ಕಾಣೆಯಾದ 8 ಟಿಬಿ

ಹೋದದ್ದು ದೊಡ್ಡದೇ, 8 ಟಿಬಿಯದ್ದು. ಎರಡು ವರ್ಷದ ಮದುವೆಗಳೆಲ್ಲ ಅದರಲ್ಲಿ. ಭಾವನ ಮುಖ ನೋಡಲಾಗಲಿಲ್ಲ. ಕೇಬಲ್ ಬದಲಿಸಿದೆ, ಸರ ಬದಲಿಸಿದೆ, ಡೇಟಾ ಕೇಬಲ್ ಬದಲಿಸಿದೆ. ಕೈಯಿಟ್ಟು ನೋಡಿದರೆ ಡಿಸ್ಕ್ ತಿರುಗುತ್ತಲೇ ಇಲ್ಲ. ಅದೇ ಕನೆಕ್ಟರಿಗೆ ಪಕ್ಕದ ಡಿಸ್ಕ್ ಹಾಕಿದರೆ ಅದು ತಿರುಗುತ್ತದೆ. ನನಗೂ ಬೆವರು ಬಂತು.

ಕೊನೆಗೆ ಕೇಳಿದೆ, "ಭಾವ, ಇದನ್ನ ಎಲ್ಲಿ ತಗೊಂಡಿದ್ರಿ?" ಅದು ಬಿಡಿಯಾಗಿ ಕೊಂಡದ್ದಲ್ಲ. ಯುಎಸ್‌ಬಿಯ ಹೊರ ಡಿಸ್ಕ್. ಪೋರ್ಟ್ ಮುರಿದುಹೋದ ಮೇಲೆ ಡಬ್ಬ ಒಡೆದು ಒಳಗಿನದನ್ನು ತೆಗೆದು ಹಾಕಿಸಿದ್ದರು. ಆಗ ತಲೆಗೆ ಹೊಳೆಯಿತು.

ಸಾಟಾ ಪವರ್ ಕನೆಕ್ಟರಿನಲ್ಲಿ 15 ಪಿನ್. ಹಿಂದೆ ಮೊದಲ ಮೂರೂ 3.3 ವೋಲ್ಟಿಗೆ ಮೀಸಲಾಗಿದ್ದವು, ಹಾರ್ಡ್ ಡಿಸ್ಕುಗಳು ಅದನ್ನು ಬಳಸುತ್ತಿದ್ದದ್ದು ಅಪರೂಪ. 2016ರಲ್ಲಿ ಬಂದ ಸಾಟಾ 3.3 ನಿಯಮ ಮೂರನೆಯ ಪಿನ್ನಿಗೆ ಹೊಸ ಕೆಲಸ ಕೊಟ್ಟಿತು. ಅಲ್ಲಿಗೆ ವೋಲ್ಟೇಜ್ ಬಂದರೆ ಡಿಸ್ಕ್ ಆಫ್ ಆಗಬೇಕು. ಡೇಟಾ ಸೆಂಟರಿನಲ್ಲಿ ಸಾವಿರಾರು ಡಿಸ್ಕುಗಳ ನಡುವೆ ಒಂದನ್ನು ದೂರದಿಂದಲೇ ಆಫ್–ಆನ್ ಮಾಡಲು ಈ ಸೌಕರ್ಯ. ದೊಡ್ಡ ಹೊರ ಡಿಸ್ಕುಗಳ ಡಬ್ಬದೊಳಗೆ ಎಷ್ಟೋ ಸಲ ಅದೇ ಜಾತಿಯ ಡಿಸ್ಕ್ ಇರುತ್ತದೆ. ಮೋಲೆಕ್ಸ್‌ನಲ್ಲಿ ಇರುವುದು 12 ಮತ್ತು 5 ವೋಲ್ಟ್ ಮಾತ್ರ, 3.3 ಇಲ್ಲವೇ ಇಲ್ಲ. ಹಾಗಾಗಿ ನಾನು ಬೈದು ಕಿತ್ತೆಸೆದ ಆ ಕನ್ವರ್ಟರಿನಲ್ಲಿ ಈ ಡಿಸ್ಕ್ ಆರಾಮಾಗಿ ಓಡುತ್ತಿತ್ತು. ಹೊಸ ಎಸ್‌ಎಂಪಿಎಸ್‌ನ ಸರಿಯಾದ ಸಾಟಾ ಕೇಬಲ್ 3.3 ಕೊಟ್ಟು ಅದನ್ನು ಮಲಗಿಸಿಬಿಟ್ಟಿತ್ತು.

ಮೊದಲು ಅದನ್ನು ಹಾಕಿದವನು ಇದು ಗೊತ್ತಿದ್ದೇ ಕನ್ವರ್ಟರ್ ಹಾಕಿದನೋ, ಬೇರೆ ದಾರಿ ಇಲ್ಲದೆ ಹಾಕಿದನೋ. ಏನೇ ಆಗಲಿ, ಅವನ ಬಗ್ಗೆ ಬೆಳಗ್ಗೆ ಆಡಿದ ಮಾತಲ್ಲಿ ಅರ್ಧ ವಾಪಸ್ ತಗೊಂಡೆ.

ಪರಿಹಾರ ಹತ್ತು ರೂಪಾಯಿಯದ್ದು. ಎದುರಿನ ಮೊಬೈಲ್ ರಿಪೇರಿ ಅಂಗಡಿಯಿಂದ ಶಾಖ ತಡೆಯುವ ಕಂದು ಬಣ್ಣದ ಕ್ಯಾಪ್ಟಾನ್ ಟೇಪ್ ಒಂದು ತುಂಡು ತಂದೆ. ಡಿಸ್ಕಿನ ಪವರ್ ಜಾಗದಲ್ಲಿ ಡೇಟಾ ಕಡೆಯಿಂದ ಎಣಿಸಿದರೆ ಮೊದಲ ಮೂರು ಪಿನ್. ಆ ಮೂರರ ಮೇಲೂ ಟೇಪ್ ಅಂಟಿಸಿದೆ, ಮೂರನೆಯದೊಂದನ್ನೇ ಮುಚ್ಚುವಷ್ಟು ಕಣ್ಣು ನನಗಿಲ್ಲ. ಮತ್ತೆ ಸಿಕ್ಕಿಸಿ ಆನ್ ಮಾಡಿದೆ. ಡಿಸ್ಕ್ ಗುಂಯ್ ಅಂತು. ಭಾವ ಫೋಲ್ಡರ್ ತೆರೆದು ಒಂದು ಮದುವೆಯ ಧಾರೆಯ ಫೋಟೊ ನೋಡಿ, "ಇದೆ, ಇದೆ" ಅಂದರು. ಅಕ್ಕ ಒಳಗಿನಿಂದ "ಕಾಫಿ ಆರಿಹೋಯ್ತು" ಅಂತ ಮೂರನೇ ಸಲ ಕೂಗಿದಳು.

ರಾತ್ರಿ ಬಾಕಿ ಇದ್ದ ಮೂರೂ ವಿಡಿಯೋ ಸಾಲಾಗಿ ರೆಂಡರ್‌ಗೆ ಹಾಕಿ ಮಲಗಿದೆವು. ಮಲಗುವ ಮುಂಚೆ ಮೀಟರ್ ಇಟ್ಟು ನೋಡಿದೆ, ಪೂರ್ತಿ ಲೋಡಿನಲ್ಲಿ 12.05. ಬೆಳಗ್ಗೆ ಎದ್ದಾಗ ಮೂರೂ ಮುಗಿದಿದ್ದವು.

ಉಳಿದ ಮಾಡ್ಯುಲರ್ ಕೇಬಲ್‌ಗಳನ್ನು ಒಂದು ಚೀಲಕ್ಕೆ ಹಾಕಿ, ಡ್ರಾಯರಿನ ಆ ಹಳೆ ಕೇಬಲ್ ಕತ್ತರಿಸಿ ಬಿಸಾಡಿದೆ. ಭಾವ ಮಾರ್ಕರ್ ತಗೊಂಡು ಚೀಲದ ಮೇಲೆ ಎಸ್‌ಎಂಪಿಎಸ್ ಮಾದರಿಯ ಹೆಸರು ಬರೆದು, ಕೆಳಗೆ ದೊಡ್ಡದಾಗಿ ಸೇರಿಸಿದರು: "ಇದಕ್ಕೆ ಮಾತ್ರ. ಬೇರೆ ಯಾವುದಕ್ಕೂ ಹಾಕಬೇಡಿ." ಆಮೇಲೆ 8 ಟಿಬಿ ಡಿಸ್ಕಿನ ಮೇಲೂ ಒಂದು ಚೀಟಿ ಅಂಟಿಸಿದರು. ಅದರಲ್ಲಿ ಬರೆದದ್ದು ಮೂರೇ ಪದ: "ಟೇಪ್ ಕೀಳಬೇಡಿ ಮಾರಾಯ್ರೇ."